ಒತ್ತಿ ಸೇರಿಸಿದ ಪೈಪನ್ನು ಬಿಡಿಸುವ ಬಗೆ



ನಮ್ಮ ಹಳ್ಳಿಗಳಲ್ಲಿ ನೀರಿನ ಸಣ್ಣ ಪೈಪುಗಳನ್ನು ಸೇರಿಸಲು ಒಂದು ಬಗೆಯ ಜಾಯಿಂಟು ಈಗ ಸಾಕಷ್ಟು ಬಳಕೆಗೆ ಬಂದಿದೆ. ಇದಕ್ಕೆ ತಿರುಪು ಬೇಡ, ಅಂಟು ಬೇಡ, ತಂತಿ ಬೇಡ. ಪೈಪಿನ ತುದಿಯನ್ನು ಜಾಯಿಂಟಿನ ಬಾಯಿಗಿಟ್ಟು ಒತ್ತಿದರೆ ಸಾಕು, ಕಚ್ಚಿಕೊಂಡು ನಿಲ್ಲುತ್ತದೆ. ಅಂಗಡಿಯವರು ಇದನ್ನು ಪುಷ್ ಜಾಯಿಂಟು ಎನ್ನುತ್ತಾರೆ. ರೇಷ್ಮೆ ಹುಳು ಸಾಕುವ ಮನೆಯ ಫಾಗರ್ ಲೈನಿನಲ್ಲಿ, ಬೇಸಿಗೆಯಲ್ಲಿ ಹಸುವಿನ ಕೊಟ್ಟಿಗೆಗೆ ಹಾಕಿಸುವ ತುಂತುರು ಲೈನಿನಲ್ಲಿ, ಸಸಿ ಬೆಳೆಸುವ ನೆರಳುಮನೆಯಲ್ಲಿ, ಅಡಿಗೆಮನೆಯ ಗೋಡೆಗೆ ತೂಗುಹಾಕಿದ ನೀರಿನ ಫಿಲ್ಟರಿನ ಒಳಗೆ ಇದನ್ನು ನೀವು ನೋಡಿದ್ದೀರಿ.

ಸೇರಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಬಿಡಿಸುವುದನ್ನು ಮಾತ್ರ ಯಾರೂ ಕಲಿಸಿಲ್ಲ. ಆದ್ದರಿಂದ ಬಿಡಿಸಬೇಕಾಗಿ ಬಂದಾಗ ನಾವು ಎಳೆಯುತ್ತೇವೆ. ಬಾರದಿದ್ದರೆ ಇಕ್ಕಳ ತರುತ್ತೇವೆ. ಅದಕ್ಕೂ ಬಾರದಿದ್ದರೆ ಕುಡುಗೋಲಿನಿಂದ ಕತ್ತರಿಸುತ್ತೇವೆ. ಕತ್ತರಿಸಿದಾಗಲೆಲ್ಲ ಪೈಪು ನಾಲ್ಕು ಬೆರಳು ಗಿಡ್ಡವಾಗುತ್ತದೆ, ಒಂದು ಜಾಯಿಂಟು ತಿಪ್ಪೆಗೆ ಹೋಗುತ್ತದೆ. ನಾಲ್ಕಾರು ಬೆಳೆ ತೆಗೆಯುವಷ್ಟರಲ್ಲಿ ಪೈಪು ಗೋಡೆಯಿಂದ ಗೋಡೆಗೆ ಎಟುಕುವುದಿಲ್ಲ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ಸರಿಯಲ್ಲವಾದುದರಿಂದ ಮೊದಲು ಅದನ್ನೇ ಹೇಳುತ್ತೇನೆ. 2023ರ ಏಪ್ರಿಲ್ ತಿಂಗಳು. ನಾನು ಈ ವಲಯಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಸಂಜೆ ಒಬ್ಬ ರೇಷ್ಮೆ ರೈತರು ಫೋನು ಮಾಡಿ, ‘ಸಾರ್, ಫಾಗರ್ ಲೈನು ತೊಟ್ಟಿಕ್ಕುತ್ತಾ ಇದೆ, ಹುಳ ಮೂರನೇ ಜ್ವರಕ್ಕೆ ಕೂತಿವೆ, ಸ್ವಲ್ಪ ಬನ್ನಿ’ ಎಂದರು. ಜ್ವರದ ಹೊತ್ತಿನಲ್ಲಿ ಹುಳುವಿನ ಹಾಸಿಗೆ ಒಣಗಿರಬೇಕೆಂಬುದನ್ನು ಹುಳು ಸಾಕುವವರಿಗೆ ನಾನು ಹೇಳಬೇಕಾಗಿಲ್ಲ. ಆಗ ಸೊಪ್ಪು ನಿಲ್ಲಿಸುತ್ತೇವೆ, ಹಾಸಿಗೆಯನ್ನು ತೆಳ್ಳಗೆ ಮಾಡಿ ಸುಣ್ಣದ ಪುಡಿ ಉದುರಿಸುತ್ತೇವೆ, ಗಾಳಿಯಾಡಲು ಬಿಡುತ್ತೇವೆ. ಅಂಥ ಹೊತ್ತಿನಲ್ಲಿ ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾನು ಹೋಗಿ ಏಣಿ ಹತ್ತಿ ಜಾಯಿಂಟಿನಿಂದ ಪೈಪನ್ನು ಎಳೆದೆ. ಬರಲಿಲ್ಲ. ಇಕ್ಕಳದಿಂದ ಹಿಡಿದು ಎಳೆದೆ. ಜಾಯಿಂಟಿನ ಬಾಯಿಯ ಪ್ಲಾಸ್ಟಿಕ್ಕು ಚಟ್ಟೆಂದು ಸೀಳಿತು. ತೊಟ್ಟಿಕ್ಕುತ್ತಿದ್ದ ನೀರು ಧಾರೆಯಾಯಿತು. ಮೋಟರು ನಿಂತಿದ್ದರೂ ಮೇಲಿನ ತೊಟ್ಟಿಯಿಂದ ಇಳಿಯುವ ನೀರು ಲೈನಿನಲ್ಲಿ ಬರುತ್ತಲೇ ಇತ್ತು. ಆ ವಾಲ್ವನ್ನು ಮೊದಲು ಮುಚ್ಚಬೇಕೆಂಬುದು ನನಗೆ ಹೊಳೆದಿರಲಿಲ್ಲ. ಓಡಿಹೋಗಿ ವಾಲ್ವು ಮುಚ್ಚಿ, ಪೈಪು ಕತ್ತರಿಸಿ, ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಬರುವಷ್ಟರಲ್ಲಿ ಸ್ಟ್ಯಾಂಡಿನ ಎರಡು ಅಂತಸ್ತಿನ ಹಾಸಿಗೆ ನೆನೆದುಹೋಗಿತ್ತು. ಸುಣ್ಣ ಉದುರಿಸಿ, ನೆನೆದ ಕಸ ತೆಗೆದು ಮನೆಯವರೆಲ್ಲ ರಾತ್ರಿ ಹನ್ನೊಂದರವರೆಗೆ ದುಡಿದರು. ಆದರೂ ಆ ಎರಡು ಅಂತಸ್ತಿನ ಹುಳು ಜ್ವರದಿಂದ ಒಟ್ಟಿಗೆ ಏಳಲಿಲ್ಲ. ಎಷ್ಟೋ ಹುಳುಗಳನ್ನು ಆಯ್ದು ಹೊರಗೆ ಹಾಕಬೇಕಾಯಿತು. ರೈತರು ನನಗೆ ಒಂದು ಮಾತೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಅಂದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಪೈಪಿನ ಅಂಗಡಿಯಿಂದ ಒಬ್ಬ ಹುಡುಗ ಬಂದ. ಇನ್ನೊಂದು ಜಾಯಿಂಟನ್ನು ಹಿಡಿದು, ಪೈಪನ್ನು ಹೊರಕ್ಕೆ ಎಳೆಯುವ ಬದಲು ಒಳಕ್ಕೆ ಒತ್ತಿದ. ಎರಡು ಹೆಬ್ಬೆರಳಿನ ಉಗುರಿನಿಂದ ಬಾಯಿಯ ಸುತ್ತಿನ ಬಳೆಯನ್ನು ಅದುಮಿದ. ಪೈಪು ತಾನಾಗಿ ಕೈಗೆ ಬಂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆ ಮನೆಯ ಅಜ್ಜಿ, ‘ಹಸ ಬಿಚ್ಚೋ ಹಂಗೇ ಐತಲ್ಲಪ್ಪ’ ಎಂದರು. ನಾನು ಎರಡು ವರ್ಷ ಡಿಪ್ಲೊಮಾ ಓದಿದವನು. ಆ ಜಾಯಿಂಟು ನನಗೆ ಅರ್ಥವಾದದ್ದು ಅಜ್ಜಿಯ ಆ ಒಂದು ಮಾತಿನಿಂದ.

ಹಸು ಹಗ್ಗವನ್ನು ಜಗ್ಗಿ ನಿಂತಿರುವಾಗ ಕುಣಿಕೆಯನ್ನು ಬಿಚ್ಚಲು ಆಗುತ್ತದೆಯೆ? ಜಗ್ಗಿದಷ್ಟೂ ಅದು ಬಿಗಿಯುತ್ತದೆ. ಹಸುವನ್ನು ಮೊದಲು ಗೂಟದ ಕಡೆಗೆ ಒಂದು ಹೆಜ್ಜೆ ತಳ್ಳಬೇಕು. ಹಗ್ಗ ಸಡಿಲವಾಗುತ್ತದೆ. ಆಮೇಲೆ ಕುಣಿಕೆ ಬಿಚ್ಚಿಕೊಳ್ಳುತ್ತದೆ. ಈ ಜಾಯಿಂಟಿನ ಒಳಗೂ ಅಂಥದೇ ಒಂದು ಕುಣಿಕೆ ಇದೆ.

ಹಾಳಾದ ಒಂದು ಜಾಯಿಂಟನ್ನು ಗರಗಸದಿಂದ ಉದ್ದಕ್ಕೆ ಸೀಳಿ ನೋಡಿರಿ, ಎಲ್ಲವೂ ಕಾಣುತ್ತದೆ. ಬಾಯಿಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಬಳೆ ಇದೆ. ಅದು ಒಳಕ್ಕೂ ಹೊರಕ್ಕೂ ಸ್ವಲ್ಪ ಜರುಗುತ್ತದೆ. ಇದಕ್ಕೆ ಕಾಲರ್ ಎನ್ನೋಣ. ಅದರ ಒಳತುದಿಯಲ್ಲಿ ಉಕ್ಕಿನ ಸಣ್ಣ ಹಲ್ಲುಗಳಿವೆ. ಕೆಲವು ಜಾಯಿಂಟುಗಳಲ್ಲಿ ಈ ಹಲ್ಲುಗಳು ಬೇರೆಯೇ ಒಂದು ಉಂಗುರದಲ್ಲಿರುತ್ತವೆ. ಹಲ್ಲುಗಳು ಒಳಮುಖವಾಗಿ ಓರೆಯಾಗಿವೆ. ಪೈಪು ಒಳಗೆ ಹೋಗುವಾಗ ಅವು ಬಾಗಿ ದಾರಿ ಬಿಡುತ್ತವೆ. ಹೊರಗೆ ಬರಲು ಹೊರಟರೆ ಪೈಪಿನ ಮೈಯನ್ನು ಕಚ್ಚುತ್ತವೆ. ಎಳೆದಷ್ಟೂ ಕಚ್ಚು ಆಳವಾಗುತ್ತದೆ. ಹಲ್ಲುಗಳ ಹಿಂದೆ ರಬ್ಬರಿನ ಒಂದು ಉಂಗುರ ಇದೆ. ನೀರನ್ನು ತಡೆಯುವುದು ಇದೇ. ಅದಕ್ಕೂ ಒಳಗೆ ಪೈಪಿನ ತುದಿ ತಾಗಿ ನಿಲ್ಲುವ ಮೆಟ್ಟಿಲು. ಹೀಗೆ ಪೈಪನ್ನು ಹಿಡಿಯುವ ಕೆಲಸ ಹಲ್ಲಿನದು, ನೀರನ್ನು ಹಿಡಿಯುವ ಕೆಲಸ ರಬ್ಬರಿನದು. ಇದು ನೆನಪಿದ್ದರೆ ಜಾಯಿಂಟು ಕೆಟ್ಟಾಗ ಕಾರಣ ಹುಡುಕುವುದು ಸುಲಭ. ಪೈಪು ಕಳಚಿಕೊಂಡು ಬಂದರೆ ಹಲ್ಲು ಸವೆದಿದೆ, ಪೈಪು ಗಟ್ಟಿಯಾಗಿದ್ದೂ ನೀರು ಸೋರಿದರೆ ರಬ್ಬರನ್ನು ನೋಡಬೇಕು.

ಇನ್ನು ಬಿಡಿಸುವ ಕೆಲಸ. ಮೊದಲನೆಯದಾಗಿ ನೀರಿನ ಒತ್ತಡವನ್ನು ಇಳಿಸಬೇಕು. ಮೋಟರು ನಿಲ್ಲಿಸುವುದು ಮಾತ್ರ ಸಾಲದು. ತೊಟ್ಟಿಯಿಂದ ಬರುವ ವಾಲ್ವನ್ನು ಮುಚ್ಚಿ, ಲೈನಿನ ಕೊನೆಯ ಮುಚ್ಚಳವನ್ನೋ ಕೊನೆಯ ಫಾಗರನ್ನೋ ತೆಗೆದು, ನಿಂತ ನೀರನ್ನು ಬಕೀಟಿಗೆ ಇಳಿಸಿರಿ. ಒಳಗೆ ಒತ್ತಡ ಇರುವ ತನಕ ನೀರೇ ಪೈಪನ್ನು ಹೊರಕ್ಕೆ ತಳ್ಳುತ್ತಿರುತ್ತದೆ, ಹಲ್ಲುಗಳು ಕಚ್ಚಿಯೇ ಇರುತ್ತವೆ, ಕಾಲರ್ ಜರುಗುವುದಿಲ್ಲ. ಸಾಮಾನ್ಯ ಫಾಗರ್ ಲೈನಿನ ಒತ್ತಡ ಚದರ ಸೆಂಟಿಮೀಟರಿಗೆ 4 ಕಿಲೋ ಇದೆ ಎಂದುಕೊಂಡರೆ, ಕಾಲು ಅಂಗುಲದ ಪೈಪನ್ನು ಸುಮಾರು ಒಂದೂಕಾಲು ಕಿಲೋ ಭಾರದಷ್ಟು ಬಲ ಹೊರಕ್ಕೆ ತಳ್ಳುತ್ತದೆ. ಆದರೆ ಮಂಜಿನಂತೆ ನುಣ್ಣಗೆ ಹಾರಿಸುವ ಹೆಚ್ಚಿನ ಒತ್ತಡದ ಪಂಪುಗಳೂ ಬಂದಿವೆ. ಅವುಗಳಲ್ಲಿ ಒತ್ತಡ 70 ಕಿಲೋವರೆಗೂ ಹೋಗುತ್ತದೆ. ಅಲ್ಲಿ ಅದೇ ಕಾಲು ಅಂಗುಲದ ಪೈಪಿನ ಮೇಲೆ ಬೀಳುವ ಬಲ ಸುಮಾರು 22 ಕಿಲೋ. ಅಂಥ ಲೈನಿನ ಜಾಯಿಂಟನ್ನು ಒತ್ತಡ ಇಳಿಸದೆ ಮುಟ್ಟಲೇಬಾರದು. ಪೈಪು ಹಾರಿ ಮುಖಕ್ಕೆ ಬಡಿಯುತ್ತದೆ. ಸೂಜಿಯಂತೆ ಚಿಮ್ಮುವ ನೀರು ಚರ್ಮವನ್ನು ಸೀಳಬಲ್ಲದು. ಮಕ್ಕಳನ್ನು ಆ ಹೊತ್ತಿನಲ್ಲಿ ಹತ್ತಿರ ಬಿಡಬೇಡಿರಿ. ಪಂಪಿನ ಪ್ಲಗ್ಗನ್ನೂ ಕಿತ್ತಿಡಿರಿ. ಒಬ್ಬರು ಏಣಿಯ ಮೇಲಿರುವಾಗ ಇನ್ನೊಬ್ಬರು ತಿಳಿಯದೆ ಸ್ವಿಚ್ಚು ಹಾಕುವುದು ಹಳ್ಳಿಯಲ್ಲಿ ಅಪರೂಪವೇನಲ್ಲ.

ಎರಡನೆಯದಾಗಿ ಜಾಯಿಂಟಿನ ಬಾಯಿಯನ್ನು ಶುಚಿ ಮಾಡಬೇಕು. ನಮ್ಮ ಆಳದ ಕೊಳವೆ ಬಾವಿಗಳ ನೀರು ಗಡಸು. ಅದು ಸ್ವಲ್ಪ ಸ್ವಲ್ಪವೇ ಸೋರಿ ಒಣಗಿ, ಕಾಲರಿನ ಸುತ್ತ ಬಿಳಿಯ ಸುಣ್ಣದಂತೆ ಕಟ್ಟಿಕೊಂಡಿರುತ್ತದೆ. ಮೇಲೆ ಧೂಳು ಬೇರೆ. ಹೀಗೆ ಕಟ್ಟಿದ ಕಾಲರನ್ನು ಎಷ್ಟು ಅದುಮಿದರೂ ಒಳಗೆ ಹೋಗದು, ನಾವು ಜಾಯಿಂಟು ಕೆಟ್ಟಿತೆಂದು ತಿಳಿಯುತ್ತೇವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಬಟ್ಟೆ ನೆನೆಸಿ ಕಾಲು ಗಂಟೆ ಸುತ್ತಿಡಿರಿ. ಸುಣ್ಣ ಕರಗುತ್ತದೆ. ಸೀಮೆಎಣ್ಣೆ, ಡೀಸೆಲ್, ಇಂಜಿನ್ ಎಣ್ಣೆ ಹಾಕಬೇಡಿರಿ. ರಬ್ಬರು ಉಬ್ಬಿ ಕೆಡುತ್ತದೆ. ಹುಳುವಿನ ಮನೆಯಲ್ಲಂತೂ ಅದರ ವಾಸನೆಯೇ ಬೇಡ. ಜಾರಿಕೆ ಬೇಕಾದರೆ ಸೋಪಿನ ನೀರು ಒಂದೆರಡು ಹನಿ ಸಾಕು.

ಕೆಲವು ಜಾಯಿಂಟುಗಳಲ್ಲಿ ಕಾಲರ್ ಮತ್ತು ಜಾಯಿಂಟಿನ ನಡುವಿನ ಸಂದಿಗೆ ಕುದುರೆಲಾಳದ ಆಕಾರದ ಬಣ್ಣದ ತುಂಡೊಂದನ್ನು ಸಿಕ್ಕಿಸಿರುತ್ತಾರೆ. ಕಾಲರ್ ತಾನಾಗಿ ಒಳಗೆ ಹೋಗದಂತೆ ತಡೆಯುವ ಬೀಗ ಅದು. ನೀರಿನ ಫಿಲ್ಟರುಗಳಲ್ಲಿ ಇದು ಹೆಚ್ಚು. ಅದನ್ನು ಮೊದಲು ಪಕ್ಕಕ್ಕೆ ಎಳೆದು ತೆಗೆದು ಜೋಪಾನವಾಗಿಡಿರಿ. ಅದಿರುವುದನ್ನು ಗಮನಿಸದೆ ಕಾಲರ್ ಮುರಿದವರು ಅನೇಕರು.

ಈಗ ಪೈಪನ್ನು ಒಂದು ಕೈಯಿಂದ ಹಿಡಿದು ನೇರವಾಗಿ ಒಳಕ್ಕೆ ಒತ್ತಿರಿ. ಕೂದಲೆಳೆಯಷ್ಟು ಒಳಗೆ ಹೋದರೂ ಸಾಕು, ಹಲ್ಲಿನ ಕಚ್ಚು ಬಿಡುತ್ತದೆ. ಹಸುವನ್ನು ಗೂಟದ ಕಡೆಗೆ ತಳ್ಳಿದ ಹಾಗೆ. ಬಳಿಕ ಇನ್ನೊಂದು ಕೈಯಿಂದ ಕಾಲರನ್ನು ಜಾಯಿಂಟಿನ ಒಳಕ್ಕೆ ಅದುಮಿರಿ. ಅದುಮಿದ್ದನ್ನು ಬಿಡದೆ ಪೈಪನ್ನು ನೇರವಾಗಿ ಹೊರಕ್ಕೆ ಎಳೆಯಿರಿ. ಅದುಮಿ ಕೈ ತೆಗೆದು ಆಮೇಲೆ ಎಳೆದರೆ ಪ್ರಯೋಜನವಿಲ್ಲ. ಹಲ್ಲುಗಳು ಪುನಃ ಕಚ್ಚುತ್ತವೆ.

ಬಹಳ ಜನ ಎಡವುವುದು ಕಾಲರನ್ನು ಅದುಮುವಲ್ಲಿ. ಒಂದೇ ಕಡೆ ಉಗುರಿಟ್ಟು ಅದುಮಿದರೆ ಕಾಲರ್ ಓರೆಯಾಗುತ್ತದೆ. ಈ ಕಡೆಯ ಹಲ್ಲು ಬಿಟ್ಟರೆ ಆ ಕಡೆಯ ಹಲ್ಲು ಇನ್ನಷ್ಟು ಕಚ್ಚುತ್ತದೆ. ಕಾಲರ್ ಸುತ್ತಲೂ ಸಮನಾಗಿ ಒಳಗೆ ಹೋಗಬೇಕು. ಕೈಯಿಂದ ಮಾಡುವುದಾದರೆ ಎದುರುಬದುರಾಗಿ ಎರಡು ಬೆರಳುಗಳನ್ನು ಇಡಬೇಕು. ಇದಕ್ಕಾಗಿ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಸಣ್ಣ ಸಾಧನವೂ ಸಿಗುತ್ತದೆ. ಅದಿಲ್ಲದಿದ್ದರೆ ನೀವೇ ಮಾಡಿಕೊಳ್ಳಬಹುದು. ಬಿದಿರಿನ ಒಂದು ಚಪ್ಪಟೆ ಸೀಳನ್ನು ತೆಗೆದುಕೊಂಡು ತುದಿಯಲ್ಲಿ ಕಚ್ಚು ಕೊರೆಯಿರಿ. ಕಚ್ಚಿನ ಅಗಲ ಪೈಪಿಗಿಂತ ಸ್ವಲ್ಪ ಹೆಚ್ಚು, ಕಾಲರಿಗಿಂತ ಕಡಿಮೆ ಇರಬೇಕು. ಅದನ್ನು ಪೈಪಿನ ಮೇಲೆ ಕೂಡಿಸಿ ಕಾಲರಿಗೆ ಒತ್ತಿದರೆ ಮೂರು ಕಡೆಯಿಂದ ಸಮನಾಗಿ ಅದುಮುತ್ತದೆ. ತಕ್ಕ ಅಳತೆಯ ಸ್ಪ್ಯಾನರ್ ಇದ್ದರೆ ಅದೂ ಆದೀತು. ನನ್ನ ಬೈಕಿನ ಪೆಟ್ಟಿಗೆಯಲ್ಲಿ ಈಗ ಬಿದಿರಿನ ಇಂಥ ಎರಡು ಸೀಳುಗಳಿವೆ, ಒಂದು ಕಾಲು ಅಂಗುಲಕ್ಕೆ, ಒಂದು ಅದಕ್ಕಿಂತ ದೊಡ್ಡ ಪೈಪಿಗೆ. ಇಕ್ಕಳ ಮಾತ್ರ ಬೇಡ. ಇಕ್ಕಳದಿಂದ ಪೈಪಿನ ಮೈ ಗೀರುತ್ತದೆ, ಗೀರಿನಲ್ಲಿ ಮುಂದೆ ನೀರು ಸೋರುತ್ತದೆ.

ಇಷ್ಟಾದರೂ ಬಾರದಿದ್ದರೆ ಹಟ ಮಾಡಬೇಡಿರಿ. ಪುನಃ ಒಳಕ್ಕೆ ಒತ್ತಿ, ಪುನಃ ಅದುಮಿ, ಎರಡು ಮೂರು ಸಲ ಹೀಗೆ ಒಳಗೆ ಹೊರಗೆ ಆಡಿಸಿದರೆ ಸಾಧಾರಣವಾಗಿ ಬಿಟ್ಟುಕೊಡುತ್ತದೆ. ಕೊನೆಗೂ ಕತ್ತರಿಸಲೇಬೇಕಾದರೆ ಜಾಯಿಂಟಿನ ಬಾಯಿಗೆ ಒತ್ತಾಗಿ ಕತ್ತರಿಸದೆ ಎರಡು ಬೆರಳು ಬಿಟ್ಟು ಕತ್ತರಿಸಿರಿ. ಉಳಿದ ತುಂಡು ಹಿಡಿಯಲು ಸಿಕ್ಕರೆ ಜಾಯಿಂಟನ್ನು ಕೈಯಲ್ಲಿ ಹಿಡಿದು ಕುಳಿತು ನಿಧಾನವಾಗಿ ಬಿಡಿಸಬಹುದು. ಏಣಿಯ ಮೇಲೆ ಆಗದ್ದು ಎಷ್ಟೋ ಸಲ ಜಗುಲಿಯ ಮೇಲೆ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹುಳು ತಿಂದು ಬಿಟ್ಟ ಸೊಪ್ಪು ಕಡ್ಡಿಯನ್ನು ನಾವು ದನಗಳಿಗೆ ಹಾಕುತ್ತೇವೆ. ಮುರಿದ ಜಾಯಿಂಟಿನ ಉಕ್ಕಿನ ಉಂಗುರದ ಚೂರು ಆ ಕಸದಲ್ಲಿ ಬಿದ್ದರೆ ದನದ ಹೊಟ್ಟೆ ಸೇರುತ್ತದೆ. ನುಂಗಿದ ಕಬ್ಬಿಣ ದನದ ಎರಡನೆಯ ಹೊಟ್ಟೆಯಲ್ಲಿ ನಿಂತು, ಅದರ ಗೋಡೆಯನ್ನು ಚುಚ್ಚಿ, ಮುಂದಕ್ಕೆ ಹೃದಯದವರೆಗೂ ಹೋಗಬಲ್ಲದೆಂದು ಪಶುವೈದ್ಯರು ಹೇಳುತ್ತಾರೆ. ಆದ್ದರಿಂದ ಜಾಯಿಂಟು ಬಿಚ್ಚುವಾಗ ಕೆಳಗೆ ಒಂದು ಗೋಣಿತಾಟು ಹಾಸಿರಿ. ಮುರಿದ ಚೂರುಗಳನ್ನು ಎಣಿಸಿ ಡಬ್ಬಿಗೆ ಹಾಕಿರಿ.

ಬಿಡಿಸಿದ ಪೈಪಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿರಿ. ಹಲ್ಲು ಕಚ್ಚಿದ ಗುರುತುಗಳು ಸುತ್ತಲೂ ಕಾಣುತ್ತವೆ. ಅದೇ ತುದಿಯನ್ನು ಹಾಗೆಯೇ ಪುನಃ ಸೇರಿಸಿದರೆ ಗೀರು ರಬ್ಬರಿನ ಕೆಳಗೆ ಬಂದು ನೀರು ಸೋರಬಹುದು. ಗೀರು ಇರುವಷ್ಟನ್ನು ಮಾತ್ರ ಹೊಸ ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿರಿ. ಓರೆಯಾಗಿ ಕತ್ತರಿಸಿದ ಪೈಪಿನ ಚೂಪು ರಬ್ಬರನ್ನು ಕುಯ್ಯುತ್ತದೆ. ನಾನು ಹೇಳಿದ ಆ ಸಂಜೆಯ ಸೋರಿಕೆಗೂ ಮೂಲ ಇದೇ ಆಗಿತ್ತು. ಹಿಂದಿನ ಬೆಳೆಯಲ್ಲಿ ಪೈಪನ್ನು ಕುಡುಗೋಲಿನಿಂದ ಓರೆಯಾಗಿ ಕೊಯ್ದು ಸೇರಿಸಿದ್ದರು. ಕತ್ತರಿಸಿದ ತುದಿಯ ಮುಳ್ಳನ್ನು ಉಗುರಿನಿಂದ ಸವರಿ ತೆಗೆದು, ನೀರಿನಲ್ಲಿ ಅದ್ದಿ, ಜಾಯಿಂಟಿಗೆ ಒತ್ತಿರಿ. ಮೊದಲು ಒಂದು ತಡೆ ಸಿಗುತ್ತದೆ. ಅದು ರಬ್ಬರು. ಅಲ್ಲಿಗೆ ನಿಲ್ಲಿಸಬಾರದು. ಇನ್ನೂ ಒತ್ತಿದರೆ ಮೆಟ್ಟಿಲಿಗೆ ತಾಗಿ ಗಟ್ಟಿಯಾಗಿ ನಿಲ್ಲುತ್ತದೆ. ಎಷ್ಟು ಒಳಗೆ ಹೋಗಬೇಕೆಂಬುದನ್ನು ಮೊದಲೇ ಒಂದು ತುಂಡಿನಲ್ಲಿ ಅಳೆದು ಪೆನ್ನಿನಿಂದ ಗೆರೆ ಹಾಕಿಕೊಂಡಿದ್ದರೆ ಸಂದೇಹವಿರುವುದಿಲ್ಲ. ಕೊನೆಗೆ ಒಮ್ಮೆ ಹೊರಕ್ಕೆ ಎಳೆದು ಪರೀಕ್ಷಿಸಿರಿ. ಇಲ್ಲಿ ಎಳೆಯುವುದು ತಪ್ಪಲ್ಲ.

ಅಂಗಡಿಯಲ್ಲಿ ಪೈಪು ಕೊಳ್ಳುವಾಗ ಒಂದು ಮೋಸ ಇದೆ. ಅಂಗಡಿಯವನದಲ್ಲ, ಅಳತೆಯದು. ಕಾಲು ಅಂಗುಲದ ಪೈಪು ಎಂದರೆ 6.35 ಮಿಲಿಮೀಟರ್. 6 ಮಿಲಿಮೀಟರಿನ ಪೈಪೂ ಬೇರೆ ಇದೆ. ಕಣ್ಣಿಗೆ ಎರಡೂ ಒಂದೇ. ಕಾಲು ಅಂಗುಲದ ಜಾಯಿಂಟಿಗೆ 6 ಮಿಲಿಮೀಟರಿನ ಪೈಪು ಒಳಗೆ ಹೋಗುತ್ತದೆ, ಕಚ್ಚಿದ ಹಾಗೂ ತೋರುತ್ತದೆ, ಆದರೆ ನೀರು ನಿಲ್ಲುವುದಿಲ್ಲ. ಹಳೆಯ ಪೈಪಿನ ಒಂದು ತುಂಡನ್ನೂ ಹಳೆಯ ಜಾಯಿಂಟನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿರಿ.

ರೇಷ್ಮೆ ರೈತರಿಗೆ ಇನ್ನೊಂದು ಮಾತು. ಬೆಳೆ ಮುಗಿದ ಮೇಲೆ ಮನೆಯನ್ನು ಶೇಕಡ 2ರ ಬ್ಲೀಚಿಂಗ್ ಪುಡಿ ಮತ್ತು ಶೇಕಡ 0.3ರ ಸುಣ್ಣದ ದ್ರಾವಣದಿಂದ ತೊಳೆಯುತ್ತೀರಿ. ಬ್ಲೀಚಿಂಗ್ ಲೋಹವನ್ನು ತಿನ್ನುತ್ತದೆ, ರಬ್ಬರಿಗೂ ಒಳ್ಳೆಯದಲ್ಲ. ಫಾಗರ್ ಲೈನನ್ನು ಅದಕ್ಕೂ ಮುಂಚೆ ಬಿಚ್ಚಿ ಇಳಿಸಿ, ಬೇರೆಯಾಗಿ ತೊಳೆದು, ನಳಿಕೆಗಳನ್ನು ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿ ನೆನೆಹಾಕಿ, ಸ್ವಚ್ಛ ನೀರಿನಲ್ಲಿ ಜಾಲಿಸಿರಿ. ನಿಂಬೆ ಉಪ್ಪಿನ ನೀರನ್ನು ಬ್ಲೀಚಿಂಗ್ ನೀರಿಗೆ ಎಂದೂ ಸೇರಿಸಬೇಡಿರಿ, ವಿಷದ ಗಾಳಿ ಏಳುತ್ತದೆ. ವರ್ಷಕ್ಕೆ ಐದು ಬೆಳೆ ತೆಗೆಯುವವರು ಐದು ಸಲ ಈ ಜಾಯಿಂಟುಗಳನ್ನು ಬಿಚ್ಚಿ ಸೇರಿಸಬೇಕಾಗುತ್ತದೆ. ಚಾಕಿ ಹುಳುವಿಗೆ ಶೇಕಡ 80ರಿಂದ 90ರಷ್ಟು ತೇವ ಬೇಕು, ಬೇಸಿಗೆಯಲ್ಲಿ ಫಾಗರ್ ಇಲ್ಲದೆ ಅದು ಕಷ್ಟ. ಆದ್ದರಿಂದ ಬಿಚ್ಚುವ ಕೈ ಪಳಗಬೇಕು.

ಅಡಿಗೆಮನೆಯ ಫಿಲ್ಟರಿನ ವಿಷಯ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಅನೇಕರು ಮನೆಯಲ್ಲಿ ಇದನ್ನು ಇಟ್ಟುಕೊಂಡಿದ್ದಾರೆ. ಬಿಡಿಸುವ ಕ್ರಮ ಅಲ್ಲಿಯೂ ಇದೇ. ಮೊದಲು ಪ್ಲಗ್ಗು ತೆಗೆದು, ನೀರಿನ ನಲ್ಲಿ ಮುಚ್ಚಬೇಕು. ಯಾವ ಪೈಪು ಯಾವ ಬಾಯಿಗೆ ಎಂಬುದನ್ನು ಬಣ್ಣದ ದಾರ ಕಟ್ಟಿ ಗುರುತಿಟ್ಟುಕೊಳ್ಳಬೇಕು. ಅದಲು ಬದಲಾದರೆ ಕೊಳೆ ನೀರು ಕುಡಿಯುವ ಕಡೆಗೆ ಬರಬಹುದು. ಇನ್ನು, ಔಷಧಿ ಸಿಂಪಡಿಸುವ ಯಂತ್ರದ ಪೈಪನ್ನಾಗಲಿ ಜಾಯಿಂಟನ್ನಾಗಲಿ ಎಷ್ಟೇ ತೊಳೆದಿದ್ದರೂ ಕುಡಿಯುವ ನೀರಿನ ಲೈನಿಗೆ, ಹುಳುವಿನ ಮನೆಯ ಲೈನಿಗೆ ಹಾಕಕೂಡದು.

ಹೊಲದ ಹನಿ ನೀರಾವರಿಯ 16 ಮಿಲಿಮೀಟರಿನ ಪೈಪಿಗೆ ಈ ಕ್ರಮ ಹೊಂದುವುದಿಲ್ಲ. ಅಲ್ಲಿಯ ಜಾಯಿನರಿಗೆ ಕಾಲರೂ ಇಲ್ಲ, ಹಲ್ಲೂ ಇಲ್ಲ. ಏಣುಗಳಿರುವ ಮೂತಿಯ ಮೇಲೆ ಪೈಪನ್ನು ಏರಿಸಿರುತ್ತಾರೆ. ಅದನ್ನು ಬಿಡಿಸಲು ಬಿಸಿನೀರನ್ನು ಪೈಪಿನ ಮೇಲೆ ಸುರಿದು ಮೆತ್ತಗೆ ಮಾಡಿ ಆಡಿಸಿ ಎಳೆಯಬೇಕು. ಬೆಂಕಿ ಹಿಡಿಯಬಾರದು. ಪಂಚಾಯಿತಿಯ ನಲ್ಲಿ ಸಂಪರ್ಕಕ್ಕೆ ಹಾಕಿರುವ ಕಪ್ಪು ಪೈಪಿನಲ್ಲಿ ತಿರುಪಿನ ಜಾಯಿಂಟು ಇರುತ್ತದೆ. ಅದನ್ನು ನೀವಾಗಿ ಬಿಚ್ಚಬೇಡಿರಿ. ನೀರು ಬಿಡದ ಹೊತ್ತಿನಲ್ಲಿ ಆ ಲೈನು ಹೊರಗಿನ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳಬಲ್ಲದು, ಅದನ್ನು ಕುಡಿಯುವವರು ಇಡೀ ಬೀದಿಯವರು. ನೀರುಗಂಟಿಯನ್ನು ಕರೆಯಿರಿ.

ನಿಮ್ಮ ಮನೆಯಲ್ಲಿ ಬಿಡಿಸಲಾಗದೆ ಬಿಟ್ಟ ಜಾಯಿಂಟುಗಳಿದ್ದರೆ ಎಸೆಯಬೇಡಿರಿ. ನಾನು ನಿಮ್ಮ ಊರಿಗೆ ಬಂದ ದಿನ ತಂದು ತೋರಿಸಿರಿ, ಬಿದಿರಿನ ಸೀಳು ಜೊತೆಯಲ್ಲಿರುತ್ತದೆ. ಪೈಪಿನ ತುಂಡು ಒಳಗೇ ಇದ್ದರೆ ಇನ್ನೂ ಒಳ್ಳೆಯದು, ಬಿಡಿಸುವುದನ್ನು ನಿಮ್ಮ ಕೈಯಿಂದಲೇ ಮಾಡಿಸಬಹುದು.